ಕನ್ನಡದಲ್ಲಿ ಮಾಹಿತಿ ಸ್ವೀಕರಿಸುವ ಜಾಲ ತಂತ್ರಾಂಶಗಳ ಸ್ಥಾಪನೆ, ಪರೀಕ್ಷೆ ಮತ್ತು ದಾಖಲೀಕರಣ: ತಂತ್ರಾಂಶ ರಚನಕಾರರಿಗೆ ಮಾಹಿತಿ

ಪೀಠಿಕೆ

ಸಾರ್ವಜನಿಕರಿಂದ ಅರ್ಜಿ ಸ್ವೀಕರಿಸುವ, ಪ್ರಮಾಣಪತ್ರ ನೀಡುವ ಹಾಗೂ ಫಲಾನುಭವಿಗಳ ಪಟ್ಟಿಯನ್ನು ನಿರ್ವಹಿಸುವ ಜಾಲ ತಂತ್ರಾಂಶಗಳನ್ನು ಸಿದ್ಧಪಡಿಸುವವರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಇಂಗ್ಲಿಷ್ ಮಾಹಿತಿಯಿಂದ ಮಾತ್ರ ಪರೀಕ್ಷೆ ನಡೆಸಿದಾಗ ಕಂಡುಬಾರದ ಅನೇಕ ದೋಷಗಳು, ಕನ್ನಡದ ಹೆಸರುಗಳು ದಾಖಲಾಗತೊಡಗಿದ ನಂತರ ಹೊರಬೀಳುತ್ತವೆ. ಪಹಣಿಯಲ್ಲಿರುವ ಹೆಸರು ಪಡಿತರ ಚೀಟಿಯ ಹೆಸರಿಗೆ ಹೊಂದುವುದಿಲ್ಲವೆಂಬ ಕಾರಣಕ್ಕೆ ಅರ್ಜಿದಾರರು ಕಚೇರಿಗೆ ಅಲೆಯಬೇಕಾಗುವುದರಿಂದ, ಬರೆದ ಹೆಸರು ಬರೆದಂತೆಯೇ ಮರಳಿ ಮುದ್ರಿತವಾಗುವುದನ್ನು ಖಚಿತಪಡಿಸಿಕೊಳ್ಳುವುದು ರಚನಕಾರರ ಮೊದಲ ಹೊಣೆಯಾಗಿರುತ್ತದೆ.

ಸ್ಥಾಪನೆ

ಕನ್ನಡ ಲಿಪಿಯು 1991ರಲ್ಲಿ ಪ್ರಕಟವಾದ ಯೂನಿಕೋಡ್ ಮೊದಲ ಆವೃತ್ತಿಯಿಂದಲೂ ಆ ಶಿಷ್ಟತೆಯಲ್ಲಿದ್ದು, ಅದಕ್ಕಾಗಿ 128 ಸ್ಥಾನಗಳನ್ನು ಮೀಸಲಿರಿಸಲಾಗಿದೆ. ಜಾಲಪುಟ, ಸರ್ವರ್‌ನಲ್ಲಿರುವ ತಂತ್ರಾಂಶ, ದತ್ತಸಂಚಯದೊಡನೆ ಏರ್ಪಡುವ ಸಂಪರ್ಕ ಮತ್ತು ದತ್ತಸಂಚಯದ ಕಾಲಂ, ಈ ನಾಲ್ಕೂ ಹಂತಗಳಲ್ಲಿ ಯೂನಿಕೋಡ್ ಬಳಕೆಯಲ್ಲಿರತಕ್ಕದ್ದು. ಮೈಎಸ್‌ಕ್ಯುಎಲ್ ದತ್ತಸಂಚಯದಲ್ಲಿ 2018ರ 8.0 ಆವೃತ್ತಿಗೆ ಮೊದಲು ಲ್ಯಾಟಿನ್-1 ಮೂಲ ಆಯ್ಕೆಯಾಗಿತ್ತು. ಹೊಸ ಆವೃತ್ತಿಗೆ ಏರಿಸಿದ ಮಾತ್ರಕ್ಕೆ ಹಳೆಯ ಕೋಷ್ಟಕಗಳು ತಾವಾಗಿ ಬದಲಾಗುವುದಿಲ್ಲ. ಇಂತಹ ಕಾಲಂಗೆ ಕನ್ನಡವನ್ನು ಸೇರಿಸಿದಾಗ ದೋಷಸೂಚನೆ ಬಂದರೆ ಒಳಿತು. ಸೂಚನೆಯಿಲ್ಲದೆ ಪ್ರಶ್ನಾರ್ಥಕ ಚಿಹ್ನೆಗಳು ಉಳಿದರೆ, ಮೂಲ ಹೆಸರನ್ನು ಆ ದಾಖಲೆಯಿಂದ ಮತ್ತೆ ಪಡೆಯಲು ಯಾವ ಉಪಾಯವೂ ಇರುವುದಿಲ್ಲ.

ಪರೀಕ್ಷಾ ಸರ್ವರ್‌ನಲ್ಲಿ ಬಳಕೆಯ ಸರ್ವರ್‌ನಲ್ಲಿರುವ ಆವೃತ್ತಿಗಳನ್ನೇ ಸ್ಥಾಪಿಸತಕ್ಕದ್ದು. ಗುಪ್ತಪದಗಳನ್ನು ತಂತ್ರಾಂಶದ ಮೂಲಪಠ್ಯದಲ್ಲಿ ಬರೆದಿಡಬಾರದು. ನಾಗರಿಕರ ನೈಜ ದಾಖಲೆಗಳನ್ನು ಪರೀಕ್ಷೆಗೆಂದು ನಕಲಿಸಬಾರದು. ಕಲ್ಪಿತ ಹೆಸರುಗಳ ಪಟ್ಟಿಯೊಂದನ್ನು ಸಿದ್ಧಪಡಿಸಿಕೊಳ್ಳುವುದು.

ಪರೀಕ್ಷೆ

ಮೊದಲನೆಯದಾಗಿ ಹೆಸರಿನ ಉದ್ದ. ‘ಲಕ್ಷ್ಮಿ’ ಎಂಬ ಹೆಸರು ಓದುವವರಿಗೆ 2 ಅಕ್ಷರ. ಯೂನಿಕೋಡ್‌ನಲ್ಲಿ ಅದು 7 ಸಂಕೇತಗಳಾಗುತ್ತದೆ: ಲ, ಕ, ವಿರಾಮ, ಷ, ವಿರಾಮ, ಮ ಮತ್ತು ಇಕಾರದ ಚಿಹ್ನೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೆ 3 ಬೈಟ್ ಬೇಕಾಗುವುದರಿಂದ ಒಟ್ಟು 21 ಬೈಟ್‌ಗಳಾಗುತ್ತವೆ. ಒರೇಕಲ್‌ನಲ್ಲಿ ಕಾಲಂ ಉದ್ದವನ್ನು ಬೇರೆ ಸೂಚನೆ ನೀಡದಿದ್ದಲ್ಲಿ ಬೈಟ್‌ಗಳಲ್ಲಿ ಎಣಿಸಲಾಗುತ್ತದೆ. ಅಂದರೆ 20 ಎಂದು ನಮೂದಿಸಿದ ಕಾಲಂನಲ್ಲಿ ಈ ಪುಟ್ಟ ಹೆಸರೂ ಹಿಡಿಸದು. ದೋಷ ಬಾರದಿರಲೆಂದು ತಂತ್ರಾಂಶವೇ ಹೆಸರನ್ನು 20 ಬೈಟ್‌ಗೆ ಕತ್ತರಿಸಿದರೆ ಕೊನೆಯ ಇಕಾರ ಬಿದ್ದುಹೋಗಿ ‘ಲಕ್ಷ್ಮ’ ಎಂದು ಉಳಿಯುತ್ತದೆ. ಪರದೆಯ ಮೇಲೆ ಇದು ದೋಷದಂತೆ ತೋರದೆ ಬೇರೊಂದು ಹೆಸರಿನಂತೆಯೇ ತೋರುವುದರಿಂದ ಯಾರ ಗಮನಕ್ಕೂ ಬಾರದೆ ಪ್ರಮಾಣಪತ್ರದವರೆಗೂ ಸಾಗಬಹುದಾಗಿದೆ. ಪೋಸ್ಟ್‌ಗ್ರೆಸ್ ಮತ್ತು ಮೈಎಸ್‌ಕ್ಯುಎಲ್‌ಗಳು ಉದ್ದವನ್ನು ಸಂಕೇತಗಳಲ್ಲಿ ಎಣಿಸುತ್ತವೆ. ಅಲ್ಲಿಯೂ ಅದು ಓದುಗರ ಅಕ್ಷರಗಳ ಎಣಿಕೆಯಲ್ಲವೆಂಬುದನ್ನು ಮರೆಯಬಾರದು.

ಎರಡನೆಯದು ಅಗೋಚರ ಸಂಕೇತಗಳು. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜಕಾರಕ್ಕೆ ಕಕಾರದ ಒತ್ತು ಸೇರದಂತೆ ನಡುವೆ ಕಣ್ಣಿಗೆ ಕಾಣದ ಸಂಕೇತವೊಂದನ್ನು ಇರಿಸಲಾಗುತ್ತದೆ. ಕೆಲವು ಕೀಲಿಮಣೆ ತಂತ್ರಾಂಶಗಳು ಇದನ್ನು ಪದದ ಕೊನೆಯಲ್ಲಿಯೂ ಸೇರಿಸುತ್ತವೆ. ಆಗ ಪರದೆಯಲ್ಲಿ ಒಂದೇ ತೆರನಾಗಿ ಕಾಣುವ ಎರಡು ‘ಕುಮಾರ್’ಗಳನ್ನು ಗಣಕಯಂತ್ರವು ಬೇರೆಬೇರೆಯೆಂದು ಪರಿಗಣಿಸಿ, ಹುಡುಕಿದಾಗ ‘ದಾಖಲೆ ಲಭ್ಯವಿಲ್ಲ’ ಎಂದು ತಿಳಿಸುತ್ತದೆ. ಹೋಲಿಸುವಾಗ ಈ ಸಂಕೇತವನ್ನು ಕೈಬಿಟ್ಟು, ಸಂಗ್ರಹಿಸುವಾಗ ಮತ್ತು ಮುದ್ರಿಸುವಾಗ ಉಳಿಸಿಕೊಳ್ಳುವುದು ಸೂಕ್ತ. ಕನ್ನಡದ 128 ಸ್ಥಾನಗಳನ್ನು ಮಾತ್ರ ಅನುಮತಿಸುವ ಪರಿಶೀಲನೆಯು ಈ ಹೆಸರನ್ನೂ ‘ರ‍್ಯಾಂಕ್’ ಎಂಬ ಪದವನ್ನೂ ತಿರಸ್ಕರಿಸುತ್ತದೆ. ಓಕಾರ, ಈಕಾರ ಮುಂತಾದ ಸ್ವರಚಿಹ್ನೆಗಳನ್ನು ಒಂದೇ ಸಂಕೇತವಾಗಿಯೂ ಬಿಡಿಭಾಗಗಳಾಗಿಯೂ ಬರೆಯಬಹುದಾದ್ದರಿಂದ ಸಂಗ್ರಹಣೆಗೆ ಮುನ್ನ ಯೂನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ ತರುವುದು. ‘ರಮ’ ಮತ್ತು ‘ರಾಮ’ ಹುಡುಕಾಟದಲ್ಲಿ ಒಂದೇ ಆಗಬಾರದು. ಇದನ್ನೂ ಪರೀಕ್ಷಿಸಿ ನೋಡುವುದು.

ಸರ್ವೆ ನಂಬರನ್ನು ೧೨೫ ಎಂದು ಕನ್ನಡ ಅಂಕಿಗಳಲ್ಲಿ ಬರೆಯುವವರಿದ್ದಾರೆ. ಅಂಕಿಗಳಿಗೆಂದು ಇರುವ ಸಾಮಾನ್ಯ ವಿನ್ಯಾಸ ಪರಿಶೀಲನೆಯು ಪೈಥಾನ್ 3ರಲ್ಲಿ ಇದನ್ನು ಒಪ್ಪುತ್ತದೆ, ಜಾವಾಸ್ಕ್ರಿಪ್ಟ್‌ನಲ್ಲಿ ಒಪ್ಪುವುದಿಲ್ಲ. ಒಪ್ಪಬೇಕೆ ಬೇಡವೆ ಎಂಬುದನ್ನು ರಚನಕಾರರು ನಿರ್ಧರಿಸತಕ್ಕದ್ದು. ಭಾಷೆಯ ಮೂಲ ಗುಣಕ್ಕೆ ಬಿಡಬಾರದು.

ಹಳೆಯ ದಾಖಲೆಗಳ ಪರಿವರ್ತನೆಗೆ ವಿಶೇಷ ಎಚ್ಚರ ಅಗತ್ಯ. ಯೂನಿಕೋಡ್‌ಗೆ ಮೊದಲಿನ ನುಡಿ, ಬರಹ ಮುಂತಾದ ಅಕ್ಷರಶೈಲಿಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಲಾಗಿತ್ತು. ಅರ್ಕಾವೊತ್ತು ಅಲ್ಲಿ ಕಣ್ಣಿಗೆ ಕಾಣುವಂತೆ ವ್ಯಂಜನದ ನಂತರ ಬರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರಣೆಯಂತೆ ರಕಾರವೇ ಮೊದಲು. ಈ ಕ್ರಮವನ್ನು ಬದಲಿಸದ ಪರಿವರ್ತಕಗಳು ‘ಕರ್ನಾಟಕ’ವನ್ನು ‘ಕನಾರ್ಟಕ’ವೆಂದೂ ‘ಧರ್ಮ’ವನ್ನು ‘ಧಮರ್’ ಎಂದೂ ಮಾಡಿಬಿಡುತ್ತವೆ. ಪರಿವರ್ತಿತ ದಾಖಲೆಗಳನ್ನು ಮೂಲ ಪ್ರತಿಯೊಡನೆ ಹೋಲಿಸಿದ ಹೊರತು ಹಳೆಯ ಕಡತಗಳನ್ನು ಅಳಿಸತಕ್ಕದ್ದಲ್ಲ.

ಪರದೆಯಲ್ಲಿ ಸರಿಯಾಗಿ ಕಂಡದ್ದು ಪಿಡಿಎಫ್ ಪ್ರತಿಯಲ್ಲಿ ಒತ್ತಕ್ಷರಗಳು ಬಿಡಿಯಾಗಿ ಮುದ್ರಿತವಾಗುವುದುಂಟು. ಆದ್ದರಿಂದ ಕಾಗದದ ಮೇಲೆ ಮುದ್ರಿಸಿಯೇ ಪರಿಶೀಲಿಸುವುದು.

ದಾಖಲೀಕರಣ

ಸ್ಥಾಪನೆಯ ಹಂತಗಳನ್ನು ಬರೆದಿಟ್ಟು, ತಂತ್ರಾಂಶ ರಚನೆಯಲ್ಲಿ ಭಾಗವಹಿಸದ ಒಬ್ಬರಿಂದ ಅದನ್ನೇ ಅನುಸರಿಸಿ ಹೊಸ ಸರ್ವರ್‌ನಲ್ಲಿ ಸ್ಥಾಪಿಸಿ ನೋಡುವುದು. ಅವರು ಎಲ್ಲಿ ನಿಂತರೋ ಅಲ್ಲಿ ದಾಖಲೆ ಅಪೂರ್ಣವಾಗಿದೆಯೆಂದು ತಿಳಿಯುವುದು. ಕಾಲಂ ಉದ್ದದ ಆಧಾರ, ಹೋಲಿಕೆಯಲ್ಲಿ ಕೈಬಿಟ್ಟ ಸಂಕೇತಗಳು, ಬಳಸಿದ ಪರಿವರ್ತಕ ಮತ್ತು ಅದರ ಆವೃತ್ತಿಯನ್ನು ಕಾರಣಸಹಿತ ನಮೂದಿಸುವುದು. ಮೇಲೆ ತಿಳಿಸಿದ ಹೆಸರುಗಳನ್ನೊಳಗೊಂಡ ಪರೀಕ್ಷಾ ಪಟ್ಟಿಯನ್ನು ಮೂಲಪಠ್ಯದೊಂದಿಗೇ ಇರಿಸಿ, ಪ್ರತಿ ಬದಲಾವಣೆಯ ನಂತರವೂ ಬ್ಯಾಕಪ್‌ನಿಂದ ದತ್ತಸಂಚಯವನ್ನು ಮರುಸ್ಥಾಪಿಸಿದ ನಂತರವೂ ಪುನಃ ನಡೆಸತಕ್ಕದ್ದು. ಕ್ಷೇತ್ರ ಕಚೇರಿಗಳ ಸಿಬ್ಬಂದಿಗೆ ನೀಡುವ ಕೈಪಿಡಿಯು ಕನ್ನಡದಲ್ಲಿರತಕ್ಕದ್ದು. ಹೆಸರು ತಪ್ಪಾಗಿ ಮುದ್ರಿತವಾದಲ್ಲಿ ತಿದ್ದುಪಡಿ ಮಾಡುವ ಮುನ್ನ ಆ ದಾಖಲೆಯ ಸಂಖ್ಯೆ ಮತ್ತು ಮುದ್ರಿತ ಪ್ರತಿಯನ್ನು ರಚನಕಾರರಿಗೆ ಕಳುಹಿಸಬೇಕೆಂಬ ಸೂಚನೆಯನ್ನು ಕೈಪಿಡಿಯ ಮೊದಲ ಪುಟದಲ್ಲಿಯೇ ನೀಡುವುದು.