ಯಕ್ಷಗಾನದ ರಾಕ್ಷಸ ಪಾತ್ರಗಳ ಕಥನ ಸಂಪ್ರದಾಯ

ಯಕ್ಷಗಾನದ ಪೌರಾಣಿಕ ಪ್ರಸಂಗಗಳಲ್ಲಿ ಬರುವ ರಾವಣ, ಕುಂಭಕರ್ಣ, ಮಹಿಷಾಸುರ, ಶೂರ್ಪನಖಿ, ಪೂತನಿ ಮೊದಲಾದ ದೈತ್ಯ ಪಾತ್ರಗಳನ್ನು ರಂಗದ ಮೇಲೆ ತರುವುದಕ್ಕೆ ನಿರ್ದಿಷ್ಟವಾದ ಕ್ರಮವಿದೆ. ಪಾತ್ರದ ಪ್ರವೇಶ, ಅದು ಪಡೆದ ವರ, ಅದರ ಅಟ್ಟಹಾಸ ಮತ್ತು ವಧೆ ಇವೆಲ್ಲ ಒಂದು ಗೊತ್ತಾದ ಅನುಕ್ರಮದಲ್ಲಿ ನಡೆಯುತ್ತವೆ. ಇಂತಹ ಪಾತ್ರಗಳ ಸಾಂಪ್ರದಾಯಿಕ ವೇಷಕ್ಕೆ 'ಬಣ್ಣದ ವೇಷ' ಎಂದು ಹೆಸರು. ಕರಾವಳಿಯ ಜಿಲ್ಲೆಗಳಲ್ಲದೆ ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳಲ್ಲಿಯೂ ಈ ಸಂಪ್ರದಾಯ ರೂಢಿಯಲ್ಲಿದೆ. ದೈತ್ಯನನ್ನು ಕೇಂದ್ರವಾಗಿಟ್ಟುಕೊಂಡ ಈ ಕಥನಕ್ರಮಕ್ಕೂ ಜಪಾನಿನ ದೈತ್ಯಮೃಗ ಚಲನಚಿತ್ರಗಳ ಕಥನಕ್ರಮಕ್ಕೂ ಕೆಲವು ಸಾಮ್ಯಗಳು ಕಂಡುಬರುತ್ತವೆ.

ಮಲೆನಾಡಿನ ಹಿನ್ನೆಲೆ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಪ್ರಧಾನವಾಗಿ ಬಡಗುತಿಟ್ಟಿನ ಯಕ್ಷಗಾನ ಪ್ರಚಲಿತದಲ್ಲಿದೆ. ಮಳೆಗಾಲ ಕಳೆದು ದೀಪಾವಳಿಯ ನಂತರ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ. ಕೊಯ್ಲಾದ ಗದ್ದೆಯಲ್ಲಿ ಅಥವಾ ದೇವಸ್ಥಾನದ ಎದುರಿನ ಬಯಲಿನಲ್ಲಿ ರಂಗಸ್ಥಳ ಹಾಕಿ ಆಡುವುದರಿಂದ ಇದಕ್ಕೆ 'ಬಯಲಾಟ' ಎಂಬ ಹೆಸರು ಬಂದಿದೆ. ಮಂದಾರ್ತಿಯಂತಹ ಕರಾವಳಿಯ ಕ್ಷೇತ್ರಗಳ ಮೇಳಗಳಿಂದ ಹರಕೆಯ ಆಟ ಆಡಿಸುವ ಪದ್ಧತಿ ಘಟ್ಟದ ಮೇಲಿನ ಮನೆತನಗಳಲ್ಲಿಯೂ ಇದೆ. ಸಾಗರ ತಾಲ್ಲೂಕಿನ ಸಿಗಂದೂರು ಚೌಡೇಶ್ವರಿಯ ಹೆಸರಿನಲ್ಲಿ ಮೇಳವೊಂದಿದೆ. ಹೊಸನಗರದ ಹೆಸರಿನಲ್ಲಿ ತೆಂಕುತಿಟ್ಟಿನ ಮೇಳವೊಂದು ತಿರುಗಾಟ ನಡೆಸಿದೆ.

ಮಳೆಗಾಲದಲ್ಲಿ ಇಲ್ಲಿನ ಮನೆಗಳಲ್ಲಿಯೂ ದೇವಸ್ಥಾನಗಳಲ್ಲಿಯೂ ತಾಳಮದ್ದಳೆ ನಡೆಯುತ್ತದೆ. ಇದರಲ್ಲಿ ವೇಷವಾಗಲಿ ಕುಣಿತವಾಗಲಿ ಇರುವುದಿಲ್ಲ. ರಾವಣನ ಗಾತ್ರ ಮತ್ತು ಗರ್ವಗಳನ್ನು ಅರ್ಥಧಾರಿಯು ಕೇವಲ ಮಾತಿನಿಂದಲೇ ಕಟ್ಟಿಕೊಡಬೇಕಾಗುತ್ತದೆ.

ವೇಷದ ವಿಧಾನ

ರಂಗಸ್ಥಳವು ಚಿಕ್ಕದು, ಪಾತ್ರಧಾರಿಯು ಸಾಮಾನ್ಯ ಎತ್ತರದ ಮನುಷ್ಯನು. ಆದುದರಿಂದ ದೈತ್ಯನ ಗಾತ್ರವನ್ನು ಮುಖವರ್ಣಿಕೆ, ವೇಷಭೂಷಣ, ಬೆಳಕು ಮತ್ತು ಶಬ್ದಗಳ ಮೂಲಕ ಸೂಚಿಸಲಾಗುತ್ತದೆ.

* ಚಿಟ್ಟಿ: ಅಕ್ಕಿಹಿಟ್ಟು ಮತ್ತು ಸುಣ್ಣದ ಮಿಶ್ರಣವನ್ನು ಮುಖದ ಮೇಲೆ ಚುಕ್ಕೆ ಚುಕ್ಕೆಯಾಗಿ ಏರಿಸಿ, ಮುಳ್ಳುಗಳಂತೆ ಎದ್ದು ಕಾಣುವ ರೇಖೆಗಳನ್ನು ರಚಿಸಲಾಗುತ್ತದೆ. ಮೂಗಿನ ತುದಿಗೂ ಹಣೆಗೂ ಹತ್ತಿಯ ಉಂಡೆಯನ್ನು ಅಂಟಿಸುವುದುಂಟು. ಈ ಕೆಲಸಕ್ಕೆ ಹಲವು ಗಂಟೆಗಳು ಬೇಕಾಗುತ್ತವೆ.
* ಶಿರೋಭೂಷಣ ಮತ್ತು ಉಡುಗೆ: ಅಗಲವಾದ ಶಿರೋಭೂಷಣ, ಮೈಯನ್ನು ದಪ್ಪವಾಗಿ ತೋರಿಸುವ ಉಡುಗೆ, ಮಹಿಷಾಸುರನಿಗೆ ಕೋಡುಗಳು ಇರುತ್ತವೆ.
* ದೊಂದಿ ಮತ್ತು ರಾಳ: ಉರಿಯುವ ದೊಂದಿಗೆ ರಾಳದ ಪುಡಿಯನ್ನು ಎರಚಿದಾಗ ಬೆಂಕಿ ಭುಗಿಲೇಳುತ್ತದೆ. ಆ ಕ್ಷಣದ ಬೆಳಕಿನಲ್ಲಿ ವೇಷವು ಇನ್ನಷ್ಟು ದೊಡ್ಡದಾಗಿ ತೋರುತ್ತದೆ.
* ಚಂಡೆ ಮತ್ತು ಅಬ್ಬರ: ಚಂಡೆಯ ಏರುಗತಿ ಹಾಗೂ ಪಾತ್ರಧಾರಿಯ ಆರ್ಭಟೆ ಜೊತೆಯಾಗಿ ಸಾಗುತ್ತವೆ.

ತೆಂಕುತಿಟ್ಟಿನಲ್ಲಿ ಬಣ್ಣದ ವೇಷವನ್ನು ರಾಜಬಣ್ಣ, ಕಾಟುಬಣ್ಣ ಮತ್ತು ಹೆಣ್ಣುಬಣ್ಣ ಎಂದು ವಿಂಗಡಿಸಲಾಗಿದೆ. ರಾವಣನಂತಹ ಅರಸರು ಮೊದಲನೆಯ ವರ್ಗಕ್ಕೂ ಶೂರ್ಪನಖಿ, ತಾಟಕಿ ಮೊದಲಾದವರು ಕೊನೆಯ ವರ್ಗಕ್ಕೂ ಸೇರುತ್ತಾರೆ. ಎಲ್ಲ ಅಸುರರೂ ಬಣ್ಣದ ವೇಷದಲ್ಲಿಯೇ ಬರಬೇಕೆಂಬ ನಿಯಮವಿಲ್ಲ. 2012ರಲ್ಲಿ ಪದ್ಮಶ್ರೀ ಪುರಸ್ಕೃತರಾದ ಬಡಗುತಿಟ್ಟಿನ ಕಲಾವಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಭಸ್ಮಾಸುರನ ಪಾತ್ರದಲ್ಲಿ ಖ್ಯಾತಿ ಪಡೆದದ್ದು ಮುಖ್ಯವಾಗಿ ಕುಣಿತ ಮತ್ತು ಭಾವಾಭಿನಯಗಳಿಂದ.

ಕಥನದ ಹಂತಗಳು

ಪೂರ್ವಸೂಚನೆ: ದೈತ್ಯನು ಕಾಣಿಸಿಕೊಳ್ಳುವ ಮೊದಲೇ ಅವನ ಸುದ್ದಿ ಬರುತ್ತದೆ. ಋಷಿಗಳ ದೂರು, ದೂತನ ಓಟ ಅಥವಾ ಭಾಗವತರ ಪದ್ಯ ಇದಕ್ಕೆ ಬಳಕೆಯಾಗುತ್ತದೆ. ಅನಂತರ ಚೌಕಿಯ ಕಡೆಯಿಂದ ಅಬ್ಬರ ಕೇಳಿಸುತ್ತದೆ.

ತೆರೆಯ ಮರೆಯ ಪ್ರವೇಶ: ಇಬ್ಬರು ಹಿಡಿದ ತೆರೆಯ ಹಿಂದೆ ವೇಷವು ನಿಲ್ಲುತ್ತದೆ. ಮೊದಲು ಶಿರೋಭೂಷಣದ ತುದಿ, ಬಳಿಕ ಕೈ, ಕೊನೆಗೆ ಮುಖ ಹೀಗೆ ಸ್ವಲ್ಪಸ್ವಲ್ಪವಾಗಿ ದರ್ಶನವಾಗುತ್ತದೆ. 'ದೇವಿ ಮಹಾತ್ಮೆ' ಪ್ರಸಂಗದ ಮಹಿಷಾಸುರನು ದೊಂದಿಗಳ ನಡುವೆ ಪ್ರೇಕ್ಷಕರ ಮಧ್ಯದಿಂದಲೇ ರಂಗಕ್ಕೆ ಬರುವುದು ರೂಢಿ.

ವರ ಮತ್ತು ಅದರ ಸಂದು: ದೈತ್ಯನ ಬಲಕ್ಕೆ ತಪಸ್ಸಿನಿಂದ ದೊರೆತ ವರವೇ ಕಾರಣ. ಆದರೆ ಪ್ರತಿಯೊಂದು ವರದಲ್ಲಿಯೂ ಒಂದು ಸಂದು ಉಳಿದಿರುತ್ತದೆ. ಮಹಿಷಾಸುರನು ಹೆಣ್ಣನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ರಾವಣನು ಮನುಷ್ಯರನ್ನು ಕಡೆಗಣಿಸಿದನು. ಭಸ್ಮಾಸುರನಿಗೆ ತನ್ನ ಕೈಯೇ ಮೃತ್ಯುವಾಯಿತು. ಪ್ರೇಕ್ಷಕರಿಗೆ ಕಥೆ ಮೊದಲೇ ತಿಳಿದಿರುವುದರಿಂದ, ಮುಂದೇನಾಗುವುದು ಎಂಬುದಕ್ಕಿಂತ ಹೇಗಾಗುವುದು ಎಂಬುದರ ಮೇಲೆ ಕುತೂಹಲ ನಿಲ್ಲುತ್ತದೆ.

ದೇವತೆಗಳ ಸೋಲು: ಇಂದ್ರಾದಿಗಳು ಯುದ್ಧದಲ್ಲಿ ಸೋತು ಓಡುತ್ತಾರೆ. ರೂಢಿಯ ಆಯುಧಗಳಿಂದ ದೈತ್ಯನು ಸಾಯುವುದಿಲ್ಲ ಎಂಬುದು ಇಲ್ಲಿ ಸ್ಥಾಪಿತವಾಗುತ್ತದೆ.

ರೂಪಾಂತರ: ಶೂರ್ಪನಖಿ, ಪೂತನಿಯರ ಘೋರರೂಪವನ್ನು ಬಣ್ಣದ ವೇಷಧಾರಿಯೂ ಮಾಯಾರೂಪವನ್ನು ಸ್ತ್ರೀವೇಷಧಾರಿಯೂ ನಿರ್ವಹಿಸುತ್ತಾರೆ. ಒಂದೇ ಪಾತ್ರವನ್ನು ಇಬ್ಬರು ಕಲಾವಿದರು ಹಂಚಿಕೊಳ್ಳುವ ಈ ಕ್ರಮವನ್ನು ಪ್ರೇಕ್ಷಕರು ಸಹಜವಾಗಿಯೇ ಸ್ವೀಕರಿಸುತ್ತಾರೆ.

ವಧೆ ಮತ್ತು ಮಂಗಳ: ಇಡೀ ರಾತ್ರಿಯ ಆಟದಲ್ಲಿ ವಧೆಯು ಬೆಳಗಿನ ಜಾವಕ್ಕೆ ಬೀಳುತ್ತಿತ್ತು. ದೈತ್ಯನ ಅಂತ್ಯ ಮತ್ತು ಸೂರ್ಯೋದಯಗಳು ಜೊತೆಯಾಗಿ ಬಂದು ಮಂಗಳದೊಂದಿಗೆ ಆಟ ಮುಗಿಯುತ್ತಿತ್ತು.

ದೈತ್ಯನ ಬಗೆಗಿನ ಅನುಕಂಪ

ಈ ಸಂಪ್ರದಾಯದಲ್ಲಿ ರಾಕ್ಷಸನು ಕೇವಲ ದುಷ್ಟನಲ್ಲ. ಕುಂಭಕರ್ಣನನ್ನು ನಿದ್ದೆಯಿಂದ ಎಬ್ಬಿಸುವವರು ಅವನ ಕಡೆಯವರೇ. ಅವನು ಅಣ್ಣನ ತಪ್ಪನ್ನು ಎತ್ತಿ ತೋರಿಸಿದರೂ ಋಣಕ್ಕೆ ಕಟ್ಟುಬಿದ್ದು ಯುದ್ಧಕ್ಕೆ ಹೊರಡುತ್ತಾನೆ. ಸೋಲು ಖಚಿತವೆಂದು ತಿಳಿದೂ ಹೋರಾಡುವ ಪಾತ್ರಕ್ಕೆ ಅರ್ಥಗಾರಿಕೆಯಲ್ಲಿ ವಿಶೇಷ ಅವಕಾಶವಿದೆ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಬೆಳೆದ ಕುವೆಂಪು ಅವರು 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯದಲ್ಲಿ ರಾವಣನ ಮನಃಪರಿವರ್ತನೆಯನ್ನು ಚಿತ್ರಿಸಿದ್ದಾರೆ. ಈ ಕೃತಿಗೆ 1955ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ 1967ರಲ್ಲಿ ಜ್ಞಾನಪೀಠ ಪ್ರಶಸ್ತಿಯೂ ದೊರೆತವು.

ಜಪಾನಿನ ದೈತ್ಯಮೃಗ ಚಿತ್ರಗಳೊಂದಿಗೆ ಹೋಲಿಕೆ

ಜಪಾನಿನಲ್ಲಿ ದೈತ್ಯಮೃಗಗಳನ್ನು 'ಕೈಜು' ಎನ್ನುತ್ತಾರೆ. ಈ ಪ್ರಕಾರಕ್ಕೆ ತಳಹದಿ ಹಾಕಿದ 'ಗೊಜಿರಾ' (ಗಾಡ್ಜಿಲ್ಲಾ) ಚಿತ್ರವು 1954ರ ನವೆಂಬರ್ 3ರಂದು ಬಿಡುಗಡೆಯಾಯಿತು. ಇಶಿರೊ ಹೊಂಡಾ ನಿರ್ದೇಶಕರು. ಐಜಿ ತ್ಸುಬುರಾಯಾ ವಿಶೇಷ ದೃಶ್ಯಗಳನ್ನು ರೂಪಿಸಿದರು. ಹರುವೊ ನಕಾಜಿಮಾ ಮೊದಲಾದ ನಟರು ಭಾರವಾದ ಉಡುಪಿನೊಳಗೆ ಹೊಕ್ಕು ಮೃಗವಾಗಿ ನಟಿಸಿದರು. ಅದರ ಗರ್ಜನೆಯನ್ನು ರಾಳ ಸವರಿದ ಚರ್ಮದ ಕೈಗವಸಿನಿಂದ ದೊಡ್ಡ ತಂತಿವಾದ್ಯದ ತಂತಿಯನ್ನು ಉಜ್ಜಿ ಪಡೆಯಲಾಯಿತು.

ಸಾಮ್ಯಗಳು:

* ಮೃಗವು ಕಾಣುವ ಮೊದಲು ಹಡಗುಗಳ ನಾಶ, ದ್ವೀಪದ ಮುದುಕನ ಐತಿಹ್ಯ ಮತ್ತು ಮುಖವಾಡದ ಕುಣಿತಗಳ ಮೂಲಕ ಪೂರ್ವಸೂಚನೆ ದೊರೆಯುತ್ತದೆ.
* ಗುಡ್ಡದ ಹಿಂದಿನಿಂದ ಮೊದಲು ತಲೆ ಮಾತ್ರ ಕಾಣಿಸುತ್ತದೆ.
* ಸೈನ್ಯದ ಆಯುಧಗಳೆಲ್ಲ ವಿಫಲವಾಗಿ, ಒಂದೇ ಒಂದು ಉಪಾಯ ಉಳಿಯುತ್ತದೆ.
* ವೇಷದೊಳಗಿನ ಮನುಷ್ಯನ ನಡಿಗೆಯೇ ದೈತ್ಯನಿಗೆ ಜೀವ ಕೊಡುತ್ತದೆ.

ವ್ಯತ್ಯಾಸಗಳು: ಯಕ್ಷಗಾನದ ದೈತ್ಯನು ತಪಸ್ಸಿನ ಫಲದಿಂದ ಬೆಳೆದವನು, ಗೊಜಿರಾ ಜಲಜನಕ ಬಾಂಬಿನ ಪರೀಕ್ಷೆಯಿಂದ ಎಚ್ಚೆತ್ತದ್ದು. ದೈತ್ಯನನ್ನು ಕೊಲ್ಲುವ ದೇವಿಯ ಶಸ್ತ್ರದ ಬಗ್ಗೆ ಯಾರಿಗೂ ಭಯವಿಲ್ಲ. 'ಗೊಜಿರಾ'ದಲ್ಲಿ ಮಾತ್ರ ಮೃಗವನ್ನು ಕೊಲ್ಲುವ ಅಸ್ತ್ರವು ಮೃಗಕ್ಕಿಂತ ಭೀಕರವಾಗಿದ್ದು, ಅದರ ರಹಸ್ಯ ಇತರರ ಕೈಸೇರಬಾರದೆಂದು ಅದನ್ನು ಕಂಡುಹಿಡಿದ ವಿಜ್ಞಾನಿಯು ಪ್ರಾಣ ಬಿಡುತ್ತಾನೆ. ಯಕ್ಷಗಾನವು ಮಾತಿಗೆ ಅವಕಾಶ ನೀಡುವುದರಿಂದ ರಾವಣನು ತನ್ನ ಪಕ್ಷವನ್ನು ತಾನೇ ವಾದಿಸುತ್ತಾನೆ; ಗೊಜಿರಾಗೆ ಗರ್ಜನೆಯ ಹೊರತು ಬೇರೆ ಮಾತಿಲ್ಲ.

ಇತ್ತೀಚಿನ ಬದಲಾವಣೆಗಳು

ವಿದ್ಯುದ್ದೀಪಗಳು ಬಂದ ಬಳಿಕ ದೊಂದಿಯ ಬೆಳಕಿಗಾಗಿ ರೂಪುಗೊಂಡ ಮುಖವರ್ಣಿಕೆಯು ಮೊದಲಿನ ಪರಿಣಾಮವನ್ನು ಕಳೆದುಕೊಂಡಿತು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕದ ಬಳಕೆಯನ್ನು ನಿರ್ಬಂಧಿಸುವ 2000ದ ಶಬ್ದಮಾಲಿನ್ಯ ನಿಯಮಗಳು ಹಾಗೂ ಪ್ರೇಕ್ಷಕರ ಬದಲಾದ ಜೀವನಕ್ರಮದಿಂದಾಗಿ ಕಾಲಮಿತಿಯ ಪ್ರದರ್ಶನಗಳು ಹೆಚ್ಚಿವೆ. ಮೂರು ನಾಲ್ಕು ಗಂಟೆಗಳಲ್ಲಿ ಮುಗಿಯಬೇಕಾದ ಆಟದಲ್ಲಿ ತೆರೆಯ ಹಿಂದಿನ ದೀರ್ಘ ಪ್ರವೇಶಕ್ಕೆ ಸಮಯ ಸಾಲದು. ಹಲವು ಗಂಟೆ ಚಿಟ್ಟಿಯಿಟ್ಟು ಅಲ್ಪಕಾಲ ರಂಗದಲ್ಲಿರುವ ವೇಷಕ್ಕೆ ಹೊಸ ಕಲಾವಿದರು ದೊರೆಯುವುದೂ ಕಷ್ಟವಾಗಿದೆ. ಬಡಗುತಿಟ್ಟಿನಲ್ಲಿ ಸಾಂಪ್ರದಾಯಿಕ ಬಣ್ಣದ ವೇಷವು ವಿರಳವಾಗಿದ್ದು, ರಾಕ್ಷಸ ಪಾತ್ರಗಳು ಅನೇಕ ವೇಳೆ ಸರಳಗೊಳಿಸಿದ ಮುಖವರ್ಣಿಕೆಯಲ್ಲಿ ಬರುತ್ತವೆ. ತೆಂಕುತಿಟ್ಟಿನಲ್ಲಿ ಈ ವೇಷವು ಹೆಚ್ಚಿನ ಮಟ್ಟಿಗೆ ಉಳಿದುಕೊಂಡಿದೆ.