ಕಲಾಶಾಲೆಯ ಬಾಗಿಲು: ಮಟಿಯಾಬುರ್ಜಿನಿಂದ ಚೌರಂಗಿಯವರೆಗೆ

ಹೊರನಾಡಿನಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಲ್ಲಿ ಮಕ್ಕಳು ಹನ್ನೆರಡನೆಯ ತರಗತಿ ಮುಗಿಸುವ ಹೊತ್ತಿಗೆ ಒಂದು ಚರ್ಚೆ ತಪ್ಪದೆ ನಡೆಯುತ್ತದೆ: ಎಂಜಿನಿಯರಿಂಗೋ, ಕಾಮರ್ಸೋ, ಬ್ಯಾಂಕ್ ಪರೀಕ್ಷೆಯೋ? ಈ ಪಟ್ಟಿಯಲ್ಲಿ ಚಿತ್ರಕಲೆಯ ಹೆಸರು ಬರುವುದು ಅಪರೂಪ. ಮಗಳೊಬ್ಬಳು ತಾನಾಗಿಯೇ ಬಾಯಿಬಿಟ್ಟರೆ, "ಅದಕ್ಕೂ ಡಿಗ್ರಿ ಇದೆಯೇ? ಸೇರಲು ಏನು ಬೇಕು? ಮುಗಿಸಿದ ಮೇಲೆ ಏನು?" ಎಂಬ ಮೂರು ಪ್ರಶ್ನೆಗಳು ಒಟ್ಟಿಗೆ ಏಳುತ್ತವೆ. ಪ್ರಶ್ನೆಗಳು ನ್ಯಾಯವಾದವೇ. ಆದರೆ ಅವು ಇಂದು ಹುಟ್ಟಿದವಲ್ಲ. ಗಾರ್ಡನ್ ರೀಚ್‌ನಂಥ ಜಾಗದಲ್ಲಿ ಬಾಳುವವರಿಗೆ ಇವುಗಳ ಇತಿಹಾಸ ಮನೆಯ ಬಾಗಿಲಲ್ಲೇ ಇದೆ. ಅದರ ಒಂದು ಮುಖ್ಯ ಅಧ್ಯಾಯ ನಮ್ಮ ಮೈಸೂರಿನವರದು.

ಗಾರ್ಡನ್ ರೀಚ್ ಎಂದರೆ ನಮಗೆ ತಟ್ಟನೆ ನೆನಪಾಗುವುದು ಆಗ್ನೇಯ ರೈಲ್ವೆಯ ಕೇಂದ್ರ ಕಚೇರಿ ಮತ್ತು ಹಡಗು ಕಟ್ಟುವ ಕಾರ್ಖಾನೆ. ಆದರೆ ಈ ನದೀತೀರಕ್ಕೆ ಕಲೆಯ ಸಂಬಂಧ ಹಳೆಯದು. ಎದುರು ದಂಡೆಯ ಶಿಬಪುರದಲ್ಲಿ 1787ರಲ್ಲಿ ಆರಂಭವಾದ ಸಸ್ಯೋದ್ಯಾನವಿದೆ. 1793ರಿಂದ 1813ರವರೆಗೆ ಅದರ ಮೇಲ್ವಿಚಾರಕನಾಗಿದ್ದ ವಿಲಿಯಂ ರಾಕ್ಸ್‌ಬರೋ ಈ ದೇಶದ ಚಿತ್ರಗಾರರಿಂದ ಎರಡೂವರೆ ಸಾವಿರಕ್ಕೂ ಹೆಚ್ಚು ಸಸ್ಯಚಿತ್ರಗಳನ್ನು ಬರೆಸಿದ. ಒಂದೊಂದು ಎಲೆಯ ನರವನ್ನೂ ತಪ್ಪಿಲ್ಲದೆ ಮೂಡಿಸಿದ ಆ ಚಿತ್ರಗಾರರು ಕಲಾಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅವರ ಕಾಲಕ್ಕೆ ಇಲ್ಲಿ ಅಂಥ ಶಾಲೆಯೇ ಇರಲಿಲ್ಲ.

1856ರಲ್ಲಿ ಅವಧದ ರಾಜ್ಯವನ್ನು ಕಂಪನಿಗೆ ಕಳೆದುಕೊಂಡ ನವಾಬ ವಾಜಿದ್ ಅಲಿ ಷಾ ಲಖನೌದಿಂದ ಬಂದು ಈ ದಂಡೆಯ ಮಟಿಯಾಬುರ್ಜಿನಲ್ಲಿ ನೆಲೆಸಿದ. 1887ರಲ್ಲಿ ಕಾಲವಾಗುವವರೆಗೂ ಆತ ಇಲ್ಲಿಯೇ ಇದ್ದ. ಆತನ ಸಮಾಧಿ ಇರುವುದೂ ಇಲ್ಲಿನ ಸಿಬ್ತೈನಾಬಾದ್ ಇಮಾಂಬಾಡಾದಲ್ಲಿ. ರಾಜ್ಯ ಹೋದರೂ ಠುಮ್ರಿ, ಕಥಕ್ ಅವನೊಂದಿಗೆ ಬಂದವು. ಆ ಕಾಲದ ಕಲಾವಿದ್ಯೆಗೂ ಪ್ರವೇಶದ ನಿಯಮವಿತ್ತು, ಬರಹದಲ್ಲಿ ಇರಲಿಲ್ಲ ಅಷ್ಟೆ. ಉಸ್ತಾದರು ಒಪ್ಪಿ ಶಿಷ್ಯನ ಮಣಿಕಟ್ಟಿಗೆ ದಾರ ಕಟ್ಟಿದರೆ ಅದೇ ಪ್ರವೇಶ. ಗುರು "ಇನ್ನು ಸಭೆಯಲ್ಲಿ ಹಾಡು" ಎಂದರೆ ಅದೇ ಪದವಿ. ನಡುವಿನ ಅವಧಿ ನಾಲ್ಕು ವರ್ಷವೂ ಆಗಬಹುದು, ಹದಿನಾಲ್ಕೂ ಆಗಬಹುದು. ಗುರುವಿನ ಮನೆಗೆ ಹತ್ತಿರವಿಲ್ಲದವರಿಗೆ, ಹುಟ್ಟಿನಿಂದಲೋ ಪರಿಚಯದಿಂದಲೋ ದಾರಿ ಸಿಗದವರಿಗೆ ಆ ಬಾಗಿಲು ತೆರೆಯುವುದು ಕಷ್ಟವಾಗಿತ್ತು ಎಂಬುದನ್ನೂ ಮರೆಯಬಾರದು.

ಈ ಬಾಗಿಲನ್ನು ಸಾರ್ವಜನಿಕಗೊಳಿಸುವ ಪ್ರಯತ್ನ ನವಾಬ ಬರುವುದಕ್ಕೆ ಎರಡು ವರ್ಷ ಮೊದಲೇ ನಗರದ ಉತ್ತರ ಭಾಗದಲ್ಲಿ ಆರಂಭವಾಗಿತ್ತು. 1854ರ ಆಗಸ್ಟ್‌ನಲ್ಲಿ ಚಿತ್ಪುರದ ಗರಾನ್‌ಹಾಟಾದಲ್ಲಿ ಕೈಗಾರಿಕಾ ಕಲೆಯ ಶಾಲೆಯೊಂದು ತೆರೆಯಿತು. ಯುವಕರಿಗೆ ರೇಖಾಚಿತ್ರ, ಕೆತ್ತನೆ, ಮಣ್ಣಿನ ಮಾದರಿಗಳನ್ನು ಕಲಿಸಿ ಹೊಟ್ಟೆಪಾಡಿಗೊಂದು ದಾರಿ ಮಾಡಿಕೊಡುವುದು ಅದರ ಉದ್ದೇಶ. ಕಲೆ ಕಲಿತರೆ ಅನ್ನ ಸಿಗುತ್ತದೆಯೇ ಎಂಬ ನಮ್ಮ ಇಂದಿನ ಪ್ರಶ್ನೆ ಆ ಶಾಲೆಯ ಅಡಿಪಾಯದಲ್ಲೇ ಇತ್ತು! 1864ರಲ್ಲಿ ಸರ್ಕಾರ ಅದನ್ನು ವಹಿಸಿಕೊಂಡು ಹೆನ್ರಿ ಹೋವರ್ ಲಾಕ್‌ನನ್ನು ಪ್ರಿನ್ಸಿಪಾಲನಾಗಿ ನೇಮಿಸಿತು. ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ಮಾದರಿಯ ಪಾಠಕ್ರಮ ಬಂತು: ಮೊದಲು ಗೆರೆ, ಅನಂತರ ಜ್ಯಾಮಿತಿ, ಪರ್‌ಸ್ಪೆಕ್ಟಿವ್, ಪ್ಲಾಸ್ಟರ್ ಮೂರ್ತಿಗಳ ನಕಲು. ಮೆಟ್ಟಿಲು ಮೆಟ್ಟಿಲಾಗಿ ಏರಿ, ಪರೀಕ್ಷೆ ಕೊಟ್ಟು ಮುಗಿಸುವ ವಿದ್ಯೆಯಾಗಿ ಕಲೆ ಮಾರ್ಪಟ್ಟಿತು. 1892ರಲ್ಲಿ ಶಾಲೆ ಚೌರಂಗಿಗೆ, ಇಂಡಿಯನ್ ಮ್ಯೂಸಿಯಮ್ಮಿನ ಪಕ್ಕಕ್ಕೆ ಬಂತು. ಇಂದಿಗೂ ಅಲ್ಲೇ ಇದೆ.

1896ರಲ್ಲಿ ಬಂದ ಇ. ಬಿ. ಹ್ಯಾವೆಲ್ ಈ ಕ್ರಮವನ್ನು ಬುಡಮೇಲು ಮಾಡಿದ. ಯೂರೋಪಿನ ನಕಲುಗಳನ್ನು ಸರಿಸಿ ಮೊಗಲ್ ಹಾಗೂ ಇತರ ಭಾರತೀಯ ಕೃತಿಗಳನ್ನು ವಿದ್ಯಾರ್ಥಿಗಳ ಮುಂದಿಟ್ಟ. ವಿದ್ಯಾರ್ಥಿಗಳಲ್ಲೇ ಕೆಲವರು ಪ್ರತಿಭಟಿಸಿದರು. ಪಾಶ್ಚಾತ್ಯ ವಿದ್ಯೆಯನ್ನು ಕಲಿಸದೆ ತಮ್ಮನ್ನು ಹಿಂದಕ್ಕೆ ತಳ್ಳಲಾಗುತ್ತಿದೆ ಎಂಬುದು ಅವರ ದೂರು. ಪಾಠಪಟ್ಟಿ ಎಂಬುದು ಬರೀ ವಿಷಯಗಳ ಯಾದಿಯಲ್ಲ, ಯಾವುದನ್ನು ವಿದ್ಯೆಯೆಂದು ಒಪ್ಪಬೇಕೆಂಬ ತೀರ್ಮಾನ ಎಂಬುದು ಈ ಜಗಳದಿಂದ ತಿಳಿಯುತ್ತದೆ. 1905ರಲ್ಲಿ ಅವನೀಂದ್ರನಾಥ ಠಾಕೂರರು ಉಪಪ್ರಿನ್ಸಿಪಾಲರಾದರು. ಅವರ ಬಳಿ ಬಂದ ನಂದಲಾಲ್ ಬೋಸರು ಕಾಲೇಜಿನ ಎಫ್.ಎ. ಪರೀಕ್ಷೆಯಲ್ಲಿ ತೇರ್ಗಡೆಯಾಗದವರು. ಕೈಯಲ್ಲಿದ್ದ ಚಿತ್ರಗಳೇ ಅವರ ಅರ್ಜಿ. ಅಂದು ಅಂಕಪಟ್ಟಿಯನ್ನಷ್ಟೇ ನೋಡಿದ್ದರೆ ಮುಂದೆ ಶಾಂತಿನಿಕೇತನದ ಕಲಾಭವನವನ್ನು ಕಟ್ಟಿ ಬೆಳೆಸಿದ, ಭಾರತದ ಸಂವಿಧಾನದ ಮೂಲಪ್ರತಿಯನ್ನು ಶಿಷ್ಯರೊಂದಿಗೆ ಚಿತ್ರಗಳಿಂದ ಅಲಂಕರಿಸಿದ ಆಚಾರ್ಯರು ನಮಗೆ ಸಿಗುತ್ತಿದ್ದರೇ?

ಈ ಬಾಗಿಲಿಗೇ 1909ರಲ್ಲಿ ನಮ್ಮ ಕೆ. ವೆಂಕಟಪ್ಪನವರು ಬಂದರು. 1886ರಲ್ಲಿ ಹುಟ್ಟಿದ ಅವರದು ಮೈಸೂರು ಆಸ್ಥಾನದ ಚಿತ್ರಗಾರರ ಮನೆತನ. ಮೈಸೂರಿನ ಕೈಗಾರಿಕಾ ಶಾಲೆಯಲ್ಲಿ ಕಲಿತ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರು ವಿದ್ಯಾರ್ಥಿವೇತನ ಕೊಟ್ಟು ಅವರನ್ನು ಕಲ್ಕತ್ತೆಗೆ ಕಳಿಸಿದರು. ಮನೆತನದ ವಿದ್ಯೆ, ಶಾಲೆಯ ಶಿಕ್ಷಣ, ರಾಜಾಶ್ರಯ ಮೂರೂ ಅವರ ಬೆನ್ನಿಗಿದ್ದವು. ಆದರೂ ಬಂಗಾಳಿ ಬಾರದ ಊರಿಗೆ ಬಂದ ಒಬ್ಬಂಟಿ ಕನ್ನಡಿಗನ ಪಾಡನ್ನು ಊಹಿಸುವುದು ನಮಗೆ ಕಷ್ಟವಲ್ಲ. ಪರ್ಸಿ ಬ್ರೌನ್ ಆಗ ಪ್ರಿನ್ಸಿಪಾಲರು, ಕಲಿಸಿದವರು ಅವನೀಂದ್ರನಾಥರು, ನಂದಲಾಲ್ ಬೋಸ್, ಅಸಿತ್ ಕುಮಾರ್ ಹಾಲ್ದಾರ್ ಮೊದಲಾದವರ ಒಡನಾಟ.

ಅವರ ವಿದ್ಯಾಭ್ಯಾಸ ಹೇಗೆ ನಡೆಯಿತೆಂಬುದಕ್ಕೆ ಕೃತಿಗಳೇ ಸಾಕ್ಷಿ. ಲೇಡಿ ಹೆರಿಂಗ್‌ಹ್ಯಾಮ್ ಅಜಂತೆಯ ಭಿತ್ತಿಚಿತ್ರಗಳ ಪ್ರತಿ ತೆಗೆಯಲು ಹೊರಟಾಗ ನೆರವಿಗೆ ಹೋದ ಕಲ್ಕತ್ತೆಯ ಶಿಷ್ಯರಲ್ಲಿ ವೆಂಕಟಪ್ಪನವರೂ ಒಬ್ಬರು. 1913ರಲ್ಲಿ ಪ್ರಕಟವಾದ, ಸೋದರಿ ನಿವೇದಿತಾ ಹಾಗೂ ಆನಂದ ಕುಮಾರಸ್ವಾಮಿಯವರ ಪುರಾಣಕಥೆಗಳ ಗ್ರಂಥದಲ್ಲಿ ಅವರ ರಾಮಾಯಣದ ಚಿತ್ರಗಳಿವೆ. ಭಾರತೀಯ ಶಿಲ್ಪದ ಅಂಗರಚನೆಯನ್ನು ಕುರಿತು ಅವನೀಂದ್ರನಾಥರು ಬರೆದು 1914ರಲ್ಲಿ ಹೊರಬಂದ ಪುಟ್ಟ ಪುಸ್ತಕಕ್ಕೆ ಗೆರೆಚಿತ್ರ ಬರೆದುಕೊಟ್ಟವರು ನಂದಲಾಲ್ ಮತ್ತು ವೆಂಕಟಪ್ಪ. ಕಲಿಯುತ್ತಿರುವಾಗಲೇ ಗುರುವಿನ ಪುಸ್ತಕಕ್ಕೆ ಕೈ ಕೊಡುವ ಮಟ್ಟಕ್ಕೆ ಬೆಳೆಯುವುದು ಎಂಥ ಉತ್ತೀರ್ಣತೆ! ಸುಮಾರು ಏಳು ವರ್ಷ ಕಲ್ಕತ್ತೆಯಲ್ಲಿದ್ದು ಅವರು ಮೈಸೂರಿಗೆ ಮರಳಿದರು. ಅವರೊಂದಿಗೆ ಹೋದದ್ದು ಬಿ.ಎಫ್.ಎ. ಪದವಿಯಲ್ಲ; ಅಂಥ ಪದವಿ ಆಗ ದೇಶದಲ್ಲೇ ಇರಲಿಲ್ಲ.

ಮುಂದೆ ಅವರು ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತರು, ಊಟಿ ಮತ್ತು ಕೊಡೈಕೆನಾಲಿನ ನಿಸರ್ಗಚಿತ್ರಗಳನ್ನು ಬರೆದರು, ಮೈಸೂರು ಅರಮನೆಗಾಗಿ ಪ್ಲಾಸ್ಟರಿನ ಉಬ್ಬುಶಿಲ್ಪಗಳನ್ನು ಮಾಡಿದರು. 1940ರಲ್ಲಿ ನಾಲ್ವಡಿಯವರು ತೀರಿಕೊಂಡ ಬಳಿಕ ಮೈಸೂರು ಬಿಟ್ಟು ಬೆಂಗಳೂರು ಸೇರಿ, 1965ರಲ್ಲಿ ಕಾಲವಾದರು. ಕಲೆಯ ವಿಷಯದಲ್ಲಿ ಎಳ್ಳಷ್ಟೂ ರಾಜಿಯಾಗದ ಆ ಬ್ರಹ್ಮಚಾರಿಯ ಬದುಕು ಸುಲಭದ್ದಾಗಿರಲಿಲ್ಲ. ರಾಜನೊಬ್ಬನ ಪ್ರೀತಿಯೇ ಆಧಾರವಾದಾಗ, ಆ ಆಧಾರ ಹೋದರೆ ಕಲಾವಿದನಿಗೆ ಬೇರೆ ಊರುಗೋಲಿಲ್ಲ. ಪದವಿಪತ್ರವನ್ನು ಹಗುರವಾಗಿ ಕಾಣುವವರು ಈ ಮಾತನ್ನು ಗಮನಿಸಬೇಕು.

ವೆಂಕಟಪ್ಪನವರ ಕಾಲದ ಬಳಿಕವೂ ಬಹುಕಾಲ ಕಲಾಶಾಲೆಗಳು ಕೊಡುತ್ತಿದ್ದುದು ಡಿಪ್ಲೊಮಾ ಮಾತ್ರ. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ನೆಲೆಸಿದ ಕೆ. ಕೆ. ಹೆಬ್ಬಾರರು ಜೆ. ಜೆ. ಕಲಾಶಾಲೆಯಲ್ಲಿ ಪಡೆದದ್ದೂ ಡಿಪ್ಲೊಮಾವನ್ನೇ. 1950ರಲ್ಲಿ ಬರೋಡದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯ ಲಲಿತಕಲೆಗೇ ಒಂದು ವಿಭಾಗ ತೆರೆದು ಪದವಿಯ ದಾರಿ ಹಾಕಿತು. 1951ರಲ್ಲಿ ಚೌರಂಗಿಯ ಶಾಲೆ "ಕಾಲೇಜ್" ಎನಿಸಿತು. ಅದೇ ವರ್ಷ ವಿಶ್ವಭಾರತಿ ಕೇಂದ್ರೀಯ ವಿಶ್ವವಿದ್ಯಾಲಯವಾಯಿತು. 1919ರಲ್ಲಿ ಆರಂಭವಾದ ಕಲಾಭವನ ಅದರ ಅಂಗ. 1962ರಲ್ಲಿ ರವೀಂದ್ರ ಭಾರತಿ ವಿಶ್ವವಿದ್ಯಾಲಯ ಸ್ಥಾಪನೆಗೊಂಡಿತು.

ಇಂದಿನ ಕ್ರಮ ಸ್ಥೂಲವಾಗಿ ಹೀಗಿದೆ. ಹನ್ನೆರಡನೆಯ ತರಗತಿ ಅಥವಾ ಪಿ.ಯು.ಸಿ. ತೇರ್ಗಡೆಯಾಗಿರಬೇಕು, ವಿಜ್ಞಾನ, ವಾಣಿಜ್ಯ, ಕಲೆ ಎಂಬ ಭೇದ ಸಾಮಾನ್ಯವಾಗಿ ಇಲ್ಲ. ಅಂಕಗಳ ಜೊತೆಗೆ ಕೈಕೆಲಸದ ಪ್ರವೇಶಪರೀಕ್ಷೆ ಇರುತ್ತದೆ: ಎದುರಿಗಿಟ್ಟ ವಸ್ತುವನ್ನೋ ಕುಳಿತ ವ್ಯಕ್ತಿಯನ್ನೋ ನೋಡಿ ಬರೆಯುವುದು, ಕೊಟ್ಟ ವಿಷಯದ ಮೇಲೆ ಚಿತ್ರಸಂಯೋಜನೆ ಮಾಡುವುದು ಇತ್ಯಾದಿ. ಕೆಲವೆಡೆ ಸಂದರ್ಶನವೂ ಇದ್ದು, ಹಿಂದೆ ಮಾಡಿದ ಚಿತ್ರಗಳನ್ನು ತೋರಿಸಬೇಕಾಗುತ್ತದೆ. ಪದವಿ ನಾಲ್ಕು ವರ್ಷದ್ದು. ಆರಂಭದಲ್ಲಿ ಎಲ್ಲರಿಗೂ ಸಾಮಾನ್ಯವಾದ ತಳಹದಿಯ ಶಿಕ್ಷಣ. ಬಳಿಕ ಚಿತ್ರ, ಶಿಲ್ಪ, ಗ್ರಾಫಿಕ್ಸ್, ಅನ್ವಯಿಕ ಕಲೆ ಮೊದಲಾದವುಗಳಲ್ಲಿ ಒಂದರ ಆಯ್ಕೆ. ಕಲೆಯ ಇತಿಹಾಸ ಮತ್ತು ಸೌಂದರ್ಯಶಾಸ್ತ್ರದ ಪತ್ರಿಕೆಗಳನ್ನು ಬರೆದು ಪಾಸಾಗಲೇಬೇಕು. ಕೊನೆಗೆ ತನ್ನ ಕೃತಿಗಳನ್ನು ಪ್ರದರ್ಶಿಸಿ ಪರೀಕ್ಷಕರ ಎದುರು ನಿಂತು ಉತ್ತರಿಸಬೇಕು. ಚಿತ್ರ ಬರೆದರೆ ಸಾಕು, ಓದಬೇಕಾಗಿಲ್ಲ ಎಂದು ಸೇರುವವರು ಇಲ್ಲಿ ಎಡವುತ್ತಾರೆ.

ಹೆಸರಿನ ಗೊಂದಲವೊಂದನ್ನು ತಂದೆತಾಯಂದಿರು ತಿಳಿದಿರುವುದು ಒಳ್ಳೆಯದು. ರವೀಂದ್ರ ಭಾರತಿಯಲ್ಲಿ "ಫೈನ್ ಆರ್ಟ್ಸ್" ವಿಭಾಗವೆಂದರೆ ಸಂಗೀತ, ನೃತ್ಯ, ನಾಟಕ. ಚಿತ್ರ ಶಿಲ್ಪಗಳು "ವಿಷುಯಲ್ ಆರ್ಟ್ಸ್" ವಿಭಾಗಕ್ಕೆ ಸೇರಿವೆ. ಬೇರೆಡೆ ಚಿತ್ರಕಲೆಯ ಪದವಿಯೇ ಬಿ.ಎಫ್.ಎ.; ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಬಿ.ವಿ.ಎ. ಎಂಬ ಹೆಸರಿದೆ. ಅರ್ಜಿ ತುಂಬುವಾಗ ಆಯಾ ವರ್ಷದ ವಿವರಣಪತ್ರಿಕೆಯನ್ನು ತರಿಸಿಕೊಂಡು ಓದಬೇಕು. ನೆರೆಯವರ ಮಗ ಸೇರಿದಾಗಿನ ನಿಯಮ ಈ ಸಲವೂ ಇರುತ್ತದೆಂದು ನಂಬಬಾರದು.

ಉಸ್ತಾದರ ದಾರದಿಂದ ಇಂದಿನ ಸೆಮಿಸ್ಟರ್‌ವರೆಗೆ ನಡೆದು ಬಂದದ್ದರಲ್ಲಿ ನಷ್ಟವೂ ಇದೆ, ಲಾಭವೂ ಇದೆ. ಗುರುವಿನೊಡನೆ ಬಾಳುವ ಬಿಡುವು ಹೋಯಿತು. ಆದರೆ ಆಸ್ಥಾನದ ಮನೆತನವಿಲ್ಲದ, ಮಹಾರಾಜರ ವೇತನವಿಲ್ಲದ ರೈಲ್ವೆ ಗುಮಾಸ್ತನ ಮಗಳೂ ಇಂದು ಪೆನ್ಸಿಲ್ ಹಿಡಿದು ಪರೀಕ್ಷೆಗೆ ಕೂರಬಹುದು. ಶಾಲೆಗಳಲ್ಲಿ ಕಲಾಶಿಕ್ಷಕಿಯಾಗಲು ಮಾನ್ಯತೆ ಪಡೆದ ಅರ್ಹತೆಯೂ ಅವಳ ಕೈಯಲ್ಲಿರುತ್ತದೆ. ಅಂಥ ಮಗು ನಮ್ಮ ನಡುವೆ ಇದ್ದರೆ, ಬೇಡವೆನ್ನುವ ಮೊದಲು ಒಂದು ಭಾನುವಾರ ಚೌರಂಗಿಯ ಮ್ಯೂಸಿಯಮ್ಮಿಗೆ ಕರೆದೊಯ್ಯಿರಿ. ರಜೆಯಲ್ಲಿ ಊರಿಗೆ ಹೋದಾಗ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ವೆಂಕಟಪ್ಪನವರ ಹೆಸರಿನ ಚಿತ್ರಶಾಲೆಯನ್ನೂ ತೋರಿಸಿರಿ. ಮಗು ಎಷ್ಟು ಹೊತ್ತು ಒಂದು ಚಿತ್ರದ ಮುಂದೆ ನಿಲ್ಲುತ್ತದೆ ಎಂಬುದನ್ನು ಸುಮ್ಮನೆ ನೋಡಿದರೆ, ಅರ್ಜಿ ತರಿಸಬೇಕೋ ಬೇಡವೋ ಎಂಬುದು ನಿಮಗೇ ತಿಳಿಯುತ್ತದೆ.