೨೦೩೬ರಿಂದ ಬಂದ ಸೈನಿಕ

೨೦೦೦ದ ನವೆಂಬರಿನಲ್ಲಿ ಅಮೆರಿಕದ ಒಬ್ಬಾತ ಇಂಟರ್ನೆಟ್ಟಿನಲ್ಲಿ ಬರೆಯತೊಡಗಿದ. ತಾನು ೨೦೩೬ನೇ ಇಸವಿಯ ಸೈನಿಕ ಅಂದ. ಹೆಸರು ಜಾನ್ ಟೈಟರ್, ಊರು ಫ್ಲಾರಿಡಾ ರಾಜ್ಯದ ಟ್ಯಾಂಪಾ ಅಂದ. ಐಬಿಎಂ ೫೧೦೦ ಎಂಬ ಹಳೇ ಕಂಪ್ಯೂಟರು ತರಲಿಕ್ಕೆ ತನ್ನನ್ನು ೧೯೭೫ಕ್ಕೆ ಕಳಿಸಿದ್ದರು, ವಾಪಸು ಹೋಗುವಾಗ ಮನೆಯವರನ್ನು ನೋಡಲು ಇಲ್ಲಿ ಇಳಿದಿದ್ದೇನೆ ಅಂದ. ನಡುದಾರಿಯಲ್ಲಿ ಬಸ್ಸು ಇಳಿದವರ ಹಾಗೆ! ಕಾಲಯಂತ್ರವನ್ನು ಷೆವರ್ಲೆ ಗಾಡಿಯೊಳಗೆ ಕೂರಿಸಿದ್ದರಂತೆ. ೨೦೦೧ರ ಮಾರ್ಚಿನಲ್ಲಿ 'ಹೊರಟೆ' ಎಂದು ಬರೆದು ಸುಮ್ಮನಾದ. ಅವನನ್ನು ನಂಬುವವರು ಇವತ್ತಿಗೂ ಇದ್ದಾರೆ.

ನಕ್ಕು ಬಿಡುವುದು ಸುಲಭ. ನಾವು ಕೇಳಬೇಕಾದ್ದು ಬೇರೆ. ವಿಜ್ಞಾನ ಅಷ್ಟು ಬೆಳೆದ ದೇಶದಲ್ಲಿ, ಓದು ಬಲ್ಲ ಜನ ಇದನ್ನು ಯಾಕೆ ನಂಬಿದರು?

ಒಂದು, ಭಯ. ಅವನು ಬರೆಯಲು ಶುರುಮಾಡಿದ ವಾರದೊಳಗೆ, ನವೆಂಬರ್ ೭ರಂದು, ಅಲ್ಲಿ ಅಧ್ಯಕ್ಷರ ಚುನಾವಣೆ ನಡೆಯಿತು. ಅವನದೇ ಫ್ಲಾರಿಡಾದಲ್ಲಿ ಎಣಿಕೆಯ ಜಗಳ ಐದು ವಾರ ಎಳೆಯಿತು. ಸುಪ್ರೀಂ ಕೋರ್ಟು ಮರುಎಣಿಕೆ ನಿಲ್ಲಿಸಿತು. ಬುಷ್ ಆ ರಾಜ್ಯ ಗೆದ್ದದ್ದು ಬರೀ ೫೩೭ ಮತಗಳಿಂದ. ಆಗ ಟೈಟರ್ ಹೇಳಿದ: ೨೦೦೪ರ ಚುನಾವಣೆ ಹೊತ್ತಿಗೆ ಒಳಯುದ್ಧ ಶುರುವಾಗುತ್ತದೆ, ವೇಕೋದಂಥದ್ದು ತಿಂಗಳಿಗೊಂದು ನಡೆಯುತ್ತದೆ. ವೇಕೋ ಟೆಕ್ಸಾಸಿನ ಊರು. ೧೯೯೩ರಲ್ಲಿ ಸರ್ಕಾರದ ಪಡೆ ಅಲ್ಲಿ ಒಂದು ಪಂಥದ ನೆಲೆಯನ್ನು ೫೧ ದಿನ ಮುತ್ತಿತ್ತು. ಕೊನೆಯ ದಿನದ ಬೆಂಕಿಯಲ್ಲಿ ಎಪ್ಪತ್ತಕ್ಕೂ ಹೆಚ್ಚು ಜನ ಸತ್ತರು, ಮಕ್ಕಳೂ ಸತ್ತರು. ಆ ನೆನಪು ಆರಿರಲಿಲ್ಲ. ಜನರ ಎದೆಯಲ್ಲಿದ್ದ ಭಯವನ್ನೇ ಎತ್ತಿಕೊಂಡು ಅವರಿಗೇ ಭವಿಷ್ಯ ಅಂತ ಹೇಳಿದ, ಅಷ್ಟೆ.

ಎರಡು, ಸೇರು ಸುಳ್ಳಿಗೆ ಚಿಟಿಕೆ ನಿಜ. ಐಬಿಎಂ ೫೧೦೦ ನಿಜವಾಗಿ ೧೯೭೫ರ ಯಂತ್ರ. ಐಬಿಎಂನ ದೊಡ್ಡ ಯಂತ್ರಗಳಿಗೆ ಬರೆದ ಕ್ರಮವಿಧಿಯನ್ನು ಓಡಿಸುವ ಗುಣ ಅದರ ಒಳಗೆ ಅಡಗಿತ್ತು. ಯುನಿಕ್ಸ್ ಎಂಬ ವ್ಯವಸ್ಥೆ ೧೯೭೦ರ ಜನವರಿ ೧ರಿಂದ ಸೆಕೆಂಡು ಎಣಿಸುತ್ತದೆ. ಹಳೇ ಯಂತ್ರಗಳಲ್ಲಿ ಆ ಲೆಕ್ಕದ ಜಾಗ ೨೦೩೮ರ ಜನವರಿ ೧೯ಕ್ಕೆ ತುಂಬಿಹೋಗುತ್ತದೆ. ಇದೂ ನಿಜ. ಈ ತೊಂದರೆ ಸರಿಪಡಿಸಲಿಕ್ಕೇ ಆ ಯಂತ್ರ ಬೇಕು ಅಂತ ಅವನು ಕತೆ ಹೆಣೆದ. ಆದರೆ ಯಂತ್ರದ ಗುಣ ಅದನ್ನು ಕಟ್ಟಿದವರಿಗೆ ಗೊತ್ತಿತ್ತು, ೨೦೩೮ರ ವಿಷಯ ಕಂಪ್ಯೂಟರ್ ಕೆಲಸದವರಿಗೆ ಗೊತ್ತಿತ್ತು. ಇಷ್ಟು ತಿಳಿಯಲಿಕ್ಕೆ ೨೦೩೬ರಿಂದ ಬರಬೇಕಾಗಿರಲಿಲ್ಲ.

ಮೂರು, ತಪ್ಪಿಸಿಕೊಳ್ಳುವ ಕಿಂಡಿ. ಲೋಕಗಳು ಅನೇಕ, ನಿಮ್ಮ ಲೋಕಕ್ಕೂ ನನ್ನ ಲೋಕಕ್ಕೂ ಶೇಕಡಾ ಒಂದೆರಡು ವ್ಯತ್ಯಾಸ ಅಂತ ಅವನು ಮೊದಲೇ ಹೇಳಿಟ್ಟಿದ್ದ. ೨೦೦೪ರ ನಂತರ ಒಲಿಂಪಿಕ್ಸ್ ಇಲ್ಲ ಅಂದಿದ್ದ. ೨೦೦೮ರಲ್ಲಿ ಬೀಜಿಂಗಿನಲ್ಲಿ ನಡೆಯಿತು. ೨೦೧೫ರಲ್ಲಿ ಅಣುಯುದ್ಧವಾಗಿ ಮುನ್ನೂರು ಕೋಟಿ ಜನ ಸಾಯುತ್ತಾರೆ ಅಂದಿದ್ದ. ಆಗಲಿಲ್ಲ. ನಂಬಿದವರು ಏನಂದರು? ಅವನು ಬಂದು ಹೋದದ್ದರಿಂದಲೇ ಕಾಲ ಬದಲಾಯಿತು! ಆದರೂ ಗೆದ್ದ, ಆಗದಿದ್ದರೂ ಗೆದ್ದ. ಯಂತ್ರವನ್ನು ಮಾತ್ರ ಯಾರ ಪರೀಕ್ಷೆಗೂ ಒಡ್ಡಲಿಲ್ಲ. ೨೦೦೩ರಲ್ಲಿ ಅವನ ಹೆಸರಿನ ಪುಸ್ತಕ ಮಾರಾಟಕ್ಕೆ ಬಂತು.

ಕಾಲದ ಬಗ್ಗೆ ಪ್ರಾಮಾಣಿಕವಾಗಿ ಮಾತಾಡಿದವರೂ ಇದ್ದಾರೆ. ೧೯೭೧ರಲ್ಲಿ ಹಾಫೆಲೆ ಮತ್ತು ಕೀಟಿಂಗ್ ಎಂಬಿಬ್ಬರು ನಾಲ್ಕು ಪರಮಾಣು ಗಡಿಯಾರಗಳನ್ನು ಮಾಮೂಲಿ ವಿಮಾನಗಳಲ್ಲಿಟ್ಟು ಭೂಮಿ ಸುತ್ತಿಸಿದರು. ಪೂರ್ವಕ್ಕೆ ಸುತ್ತಿದಾಗ ನೆಲದ ಗಡಿಯಾರಕ್ಕಿಂತ ಸುಮಾರು ೫೯ ನ್ಯಾನೊಸೆಕೆಂಡು ಹಿಂದೆ ಬಿದ್ದವು, ಪಶ್ಚಿಮಕ್ಕೆ ಸುತ್ತಿದಾಗ ೨೭೩ ಮುಂದೆ ಹೋದವು. ನ್ಯಾನೊಸೆಕೆಂಡು ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು. ಐನ್‌ಸ್ಟೈನನ ಲೆಕ್ಕಕ್ಕೆ ಇದು ತಾಳೆಯಾಯಿತು. ಅವರು ತಮ್ಮ ಅಳತೆಯಲ್ಲಿ ಎಷ್ಟು ತಪ್ಪಿರಬಹುದು ಎಂಬುದನ್ನೂ ಸೇರಿಸಿ ಅಚ್ಚುಹಾಕಿಸಿದರು. ಬೇಕಾದವರು ಮತ್ತೆ ಮಾಡಿ ನೋಡಿ ಅಂತ ದಾರಿ ಬಿಟ್ಟರು. ವ್ಯತ್ಯಾಸ ಇಲ್ಲಿದೆ.

ಇನ್ನೊಂದು ಪ್ರಶ್ನೆ. ಹಿಂದಿನ ಕಾಲಕ್ಕೆ ಹೋಗಿಬರುವವನು ಯಾರ ಮಗ? ಆ ಕಂಪ್ಯೂಟರನ್ನು ಕಟ್ಟಿದವರಲ್ಲಿ ತನ್ನ ಅಜ್ಜನೂ ಒಬ್ಬ ಅಂದಿದ್ದ ಟೈಟರ್. ಅವನಿಗೆ ೧೯೭೫ ಅಂದರೆ ಅಜ್ಜನ ಮನೆ. ಎಲ್ಲರ ಅಜ್ಜಂದಿರ ಕಾಲ ಹಾಗಿತ್ತೇನು? ಕಪ್ಪು ಲೇಖಕಿ ಆಕ್ಟೇವಿಯಾ ಬಟ್ಲರ್ ೧೯೭೯ರಲ್ಲಿ 'ಕಿಂಡ್ರೆಡ್' ಕಾದಂಬರಿ ಬರೆದರು. ೧೯೭೬ರ ಕಪ್ಪು ಹೆಣ್ಣುಮಗಳು ಡಾನಾ ಅದರಲ್ಲಿ ಗುಲಾಮರ ಕಾಲಕ್ಕೆ ಎಳೆದೊಯ್ಯಲ್ಪಡುತ್ತಾಳೆ. ಚಾಟಿಯೇಟು ತಿನ್ನುತ್ತಾಳೆ. ಕೊನೆಗೆ ಒಂದು ತೋಳು ಕಳಕೊಂಡು ಬರುತ್ತಾಳೆ. ಬಟ್ಲರ್ ಇದನ್ನು ಕತೆ ಅಂತಲೇ ಕೊಟ್ಟರು. ನಿಜ ಅಂತ ಮಾರಿದ್ದಕ್ಕಿಂತ ಆ ಕತೆಯಲ್ಲೇ ನಿಜ ಹೆಚ್ಚು.

ಗೆಳೆಯರೇ, ನಮ್ಮ ಮನೆಗಳಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತಿದವರು ನಾವು. ಯಾರೂ ನೋಡದ ಕಾಲವನ್ನು ಸಾಕ್ಷಿಗೆ ಕರೆಯುವವರು ನಮಗೆ ಹೊಸಬರಲ್ಲ. ಹೋದ ಜನ್ಮದ ಪಾಪ, ಅದಕ್ಕೇ ಈ ಕೇರಿ, ಈ ಜೀತ ಅಂದವರ ಮುಂದೆ ನಮ್ಮ ಅಪ್ಪ ಅವ್ವಂದಿರು ತಲೆ ತಗ್ಗಿಸಿ ನಿಂತಿದ್ದರು. 'ತೋರಿಸು ಸ್ವಾಮಿ' ಅನ್ನುವ ಹಾಗಿರಲಿಲ್ಲ. ಹಳ್ಳಿ ಶಾಲೆಯ ಮೇಷ್ಟ್ರೇ, ನಿಮ್ಮ ಹುಡುಗರ ಕೈಗೆ ಈಗ ಫೋನು ಬಂದಿದೆ. ನಾಳೆ ಅದರೊಳಗಿಂದ ಇನ್ನೊಬ್ಬ ಟೈಟರ್ ಮಾತಾಡುತ್ತಾನೆ. ಯಂತ್ರ ತೋರಿಸು, ಯಾವ ಮಾತು ಸುಳ್ಳಾದರೆ ಸೋಲೊಪ್ಪುತ್ತೀಯ ಹೇಳು ಅಂತ ಕೇಳುವುದನ್ನು ಅವರಿಗೆ ಕಲಿಸಿರಿ. ನಮ್ಮ ಹಿರಿಯರು ಕೇಳಲಾಗದೆ ಉಳಿಸಿಹೋದ ಪ್ರಶ್ನೆ ಅದು.